ಗೋಡೆಯಲ್ಲಿದ್ದ ಒಂದೇ ನೀಲಿ ಟೈಲ್ಸ್

ನಮ್ಮ ಬಡಾವಣೆಯ ನೆಲದಡಿಯ ರೈಲು ನಿಲ್ದಾಣದಲ್ಲಿ ಹಳೆಯ ಬಿಳಿ ಟೈಲ್ಸ್ ಒಡೆಯುತ್ತಿದ್ದರು. ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಗಾರೆ ಕೆಲಸದ ಅಣ್ಣ ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಸುತ್ತಿಗೆಯಿತ್ತು.

"ಅಪ್ಪನ ನೀಲಿ ಟೈಲ್ಸೂ ಕಿತ್ತುಹಾಕಿದ್ರು, ಅಣ್ಣಾ."

"ನಿಲ್ದಾಣಕ್ಕೆ ಅಗೆಯುವಾಗ ಮಣ್ಣು ಕುಸಿದು ಅಪ್ಪ ಸತ್ತ ಜಾಗ ಅದು, ಗುರುತಿಗೆ ನಾವೇ ಕೂರಿಸಿದ್ದು ಅಂತ ಮೇಸ್ತ್ರಿಗೆ ಹೇಳಿದ್ಯಾ?"

"ಹೇಳ್ದೆ. ಹೊಸ ಡಿಸೈನ್‌ಗೆ ಹೆಣ ಹೊಂದಲ್ಲ ಅಂದ."

"ನಕ್ಕನಾ?"

"ಹಲ್ಲು ಕಿರಿದು, ಚೂರುಗಳನ್ನ ಬೂಟಲ್ಲಿ ತುಳಿದ. ಇವತ್ತು ಅವನ ಬುರುಡೆ ಒಡೀತೀನಿ."

"ಬೇಡ ಕಣೋ. ನಿನ್ನ ಮಕ್ಕಳಿನ್ನೂ ಚಿಕ್ಕವು."

"ಹಾಗಂತ ಸುಮ್ನಿರ್ಲಾ?"

"ಸುಮ್ನಿರು ಅಂದ್ನಾ ನಾನು? ಸುತ್ತಿಗೆ ಇಲ್ಲಿ ಕೊಡು. ನನಗೇನು ಹೆಂಡ್ತಿಯಾ, ಮಕ್ಕಳಾ?"

ಅಣ್ಣ ಸುತ್ತಿಗೆ ಕಿತ್ತುಕೊಂಡು, ಸಾಲು ಬಿಟ್ಟು ಮೆಟ್ಟಿಲಿಳಿದ. ತಮ್ಮ ಹಿಂದೆಯೇ ಓಡಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬರುತ್ತಿದ್ದ ಟೈಲ್ಸ್ ಒಡೆಯುವ ಸದ್ದು ನಿಂತುಹೋಯಿತು.