ಅತ್ತಿಗೆ ಕಟ್ಟಿದ ಬಾಸಿಂಗ

...ಮುಟ್‌ಬ್ಯಾಡ ಕಣಮ್ಮಿ ಮಂಗ್ಳ, ಅಂಟು ಇನ್ನೂ ಆರಿಲ್ಲ. ಮೈದಾ ಅಂಟು ಇದು. ನೋಡಕ್ಕೆ ಆರ್ದಂಗೆ ಕಾಣ್ತದೆ, ಬೆರಳಿಟ್ರೆ ಬೇಗಡೆ ಕಾಗ್ದ ಸಿಪ್ಪೆ ಸುಲ್ದಂಗೆ ಎದ್ ಬಂದ್ಬುಡ್ತದೆ. ದೂರದಿಂದ್ಲೇ ನೋಡು. ನಿನ್ ಮಗಳು ಸಹನನ ಬಾಸಿಂಗ, ಬೇರೆ ಯಾರದೂ ಅಲ್ಲ. ಗೋವಿಂದನಹಳ್ಳಿಯಿಂದ ಎಲ್ಡು ಬಸ್ಸು ಬದಲಾಯ್ಸಿ ಗಂಜಾಂಗೆ ಬಂದಿದ್ದೀಯ. ಕೂತ್ಕೊ, ಆರೋಗಂಟ ಮಾತಾಡಾನ.

ಯಾಕ್ ನಗ್ತೀಯ? ಈ ಹಕ್ಕಿ ನೋಡ್ಕಂಡಾ? ಅದು ಗಿಣಿ ಕಣೆ. ಕೊಕ್ಕು ವಸಿ ದಪ್ಪ ಆಗ್ಬುಟ್ಟದೆ, ಕೋಳಿ ಥರ ಕಾಣ್ತದೆ ಅಂತಲಾ... ಕಾಣ್ಲಿ ಬುಡು. ಕತ್ರಿ ಮೊಂಡಾಗ್ಬುಟ್ಟದೆ, ನನ್ ಕಣ್ಣೂ ಅಂಗೇಯ. ಕೆಳಗಿರೋದು ಸೀರೆ ಡಬ್ಬದ ರಟ್ಟು. ಅದ್ರ ಮ್ಯಾಲೆ ಗಾಳಿಪಟದ ಕಾಗ್ದ, ಅದ್ರ ಮ್ಯಾಲೆ ಬೇಗಡೆ. ಅಂಗಡೀಲೂ ಬಾಸಿಂಗ ಸಿಕ್ತದೆ, ನಂಗ್ ಗೊತ್ತಿಲ್ವಾ? ಆದ್ರೆ ನಮ್ ಮನೆತನದಲ್ಲಿ ಅಂಗಡಿ ಬಾಸಿಂಗ ಕಟ್ಕೊಂಡು ಮದ್ವೆ ಆದೋರು ಯಾರವ್ರೆ ಏಳು. ಅಣ್ಣಮ್ಮನ ಮಗಂಗೆ ನಾನೇ ಮಾಡ್ದೆ. ಪಾಂಡವಪುರದ ಪುಟ್ಟರಾಜುಗೆ ನಾನೇ. ತೊಟ್ಲು ಶಾಸ್ತ್ರ ಅಂದ್ರೆ ಕಾಗ್ದದ ತಾವರೆ, ಗೃಹಪ್ರವೇಶ ಅಂದ್ರೆ ತೋರಣ. ನಂಗೆ ಮಕ್ಕಳಿಲ್ಲ, ಬೆಳ್ಳಿ ಬಂಗಾರ ಕೊಡೋ ತಾಕತ್ತೂ ಇಲ್ಲ. ಇದೇ ನನ್ ಉಡುಗೊರೆ. ಇದ್ರಿಂದ್ಲೇ ಎಲ್ಲಾರ್ ಮನೇಲೂ ನಂಗೆ ಒಂದು ಮಣೆ ಹಾಕ್ತಾರೆ. ಇಲ್ದಿದ್ರೆ ನನ್ನ ಯಾರು ಕೇಳ್ತಿದ್ರು?

ಬಾಸಿಂಗ ಅಂದ್ರೆ ಸುಮ್ನೆ ಅಲ್ಲ, ನಿಂಗೂ ಗೊತ್ತಲ್ಲ. ಮುತ್ತೈದೆ ಮಾಡ್ಬೇಕು, ಸೋದರಮಾವ ಕಟ್ಬೇಕು. ಕಟ್ತಾರೆ ಬುಡು, ಅದ್ಕೇನು... ನಿಮ್ಮಣ್ಣ ಬಂದೇ ಬತ್ತಾರೆ. ಲಾರಿ ಓಡುಸ್ಕಂಡು ಬೊಂಬಾಯಿ ಲೈನಲ್ಲಿ ಅವ್ರೆ. ಮೊನ್ನೆ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನನ್ನ ಕರೆಸಿದ್ರು. ಸಹನನ ಮದ್ವೆಗೆ ಒಂದಿನ ಮುಂಚೇನೇ ಬತ್ತೀನಿ ಅಂದ್ರು. ಎಂಗವ್ರೆ ಅಂತೀಯಾ? ಚೆನ್ನಾಗವ್ರೆ. ವಸಿ ಕೆಮ್ಮು, ಅಷ್ಟೇಯ.

ನೀನು ಕೇಳ್ಲಿಲ್ವಾ? ನಂಗ್ ಕೇಳ್ದಂಗಾಯ್ತು.

ಕಾಫಿ ಕುಡಿ, ಆರೋಯ್ತದೆ. ಗೋಡೇಲಿ ಏನ್ ನೋಡ್ತೀಯ? ಆ ಅಂಗಿನಾ? ನಿಮ್ಮಣ್ಣಂದೇ. ಒಗ್ದು ಒಗ್ದು ತಗಲಾಕ್ತೀನಿ. ಬಂದೋರ್ಗೆ ತಕ್ಷಣ ಬೇಕಾಯ್ತದಲ್ಲ... ಯಾಕೆ, ಗಂಡನ ಅಂಗಿ ಒಗೆಯೋದು ತಪ್ಪಾ?

ಎಲ್ಲಿ, ಲಗ್ನಪತ್ರಿಕೆ ಕೊಡು. ಕೈಲೇ ಇಟ್ಕೊಂಡಿದ್ದೀಯಲ್ಲ ಬಂದಾಗ್ಲಿಂದ. ಅರಿಶಿನ ಹಚ್ಚಿರೋ ಮೊದಲ್ನೇ ಪತ್ರಿಕೆ, ಅದು ತೌರುಮನೇಗೇ ಬರ್ಬೇಕು, ಅಣ್ಣನ ಹೆಸರಿಗೇ... "ಶ್ರೀಮತಿ ಯಶೋದಮ್ಮನವರಿಗೆ." ನನ್ ಹೆಸರಷ್ಟೇನಾ? ಸಿದ್ದರಾಜು ಅಂತ ಎಲ್ಲೂ ಇಲ್ವಲ್ಲ. ಮರ್ತ್ಯಾ? ಒಡಹುಟ್ಟಿದೋರ ಹೆಸರು ಮರೀತಾರಾ ಯಾರಾರ?

ಮಂಗ್ಳ, ನನ್ ಮುಖ ನೋಡು.

ಹೋದ್ಸಲ ನೀನು ಹೊಸ್ಲು ದಾಟಕ್ ಮುಂಚೇನೇ ಅಣ್ಣಯ್ಯ ಎಲ್ಲಿ ಅಂತ ಕೂಗಿದ್ದೆ. ಈ ಸಲ ಬಂದು ಇಷ್ಟೊತ್ತಾಯ್ತು. ಒಂದ್ಸಲಾನೂ ಕೇಳಿಲ್ಲ. ನಾನೇ ಏಳ್ತಾ ಇದ್ದೀನಿ, ನಾನೇ ನಂಬ್ತಾ ಇದ್ದೀನಿ. ನಿನ್ ಯಜಮಾನ್ರು ನಂಜಪ್ಪಣ್ಣ ಪತ್ರಿಕೆ ಕೊಡಕ್ಕೆ ಅಂತ ಲಾರಿ ಮಾಲೀಕರ ತಾವ್ಕೆ ಓಗಿದ್ರಾ? ತಲೆ ಬಗ್ಗುಸ್ಬುಟ್ಟೆ... ಅಂಗಾರೆ ಗೊತ್ತಾಗ್ಬುಟ್ಟದೆ ನಿಂಗೆ.

ಯುಗಾದಿ ಆದ್ಮೇಲೆ ಧರ್ಮಸ್ಥಳಕ್ಕೆ ಓಗಿದ್ದೆ ಅಂದ್ನಲ್ಲ, ಓಗಿರ್ಲಿಲ್ಲ ಕಣಮ್ಮಿ. ಧಾರವಾಡದ ಆಚೆ ಲಾರಿ ಮಗುಚ್ಕೊಂಡಿತ್ತು. ಮಾಲೀಕರ ಕಡ್ಯೋನು ಬಂದು ಕರ್ಕೊಂಡೋದ. ಅಲ್ಲೇ ಮಣ್ಣು ಮಾಡಿದ್ವಿ. ವಾಪಸ್ ಬರೋವಾಗ ಬಸ್ಸಲ್ಲಿ ಕುಂಕುಮ ಒರಸ್ಕೊಳ್ಳಾನ ಅಂತ ಸೆರಗು ಎತ್ದೆ. ಆಗ್ಲಿಲ್ಲ. ಮನೇಲಿ ಪುಟ್ಟರಾಜುನ ಬಾಸಿಂಗ ಅರ್ಧ ಆಗಿತ್ತು. ಅದೊಂದ್ ಮುಗ್ಸಿ ಎಲ್ಲಾರ್ಗೂ ಏಳಾನ ಅಂದ್ಕಂಡೆ. ಆಮೇಲೆ ಅಣ್ಣಮ್ಮನ ಮಗಂದು ಬಂತು. ಒಂದು ಮುಗಿಯೋ ಹೊತ್ಗೆ ಇನ್ನೊಂದು. ಏಳ್ಬುಟ್ಟಿದ್ರೆ ನಾನ್ ಮಾಡಿದ್ನ ಯಾರ್ ಮುಟ್ತಿದ್ರು? ಕತ್ರಿ ಕೆಳಗಿಟ್ರೆ ನಾನು ಸುಮ್ನೆ ಒಬ್ಳು ಗಂಡ ಸತ್ತೋಳು, ಮೂಲೇಲಿ ಕೂತ್ಕೊಂಡೋಳು. ಪುಟ್ಟರಾಜುನ ಎಂಡ್ತಿಗೆ ಮೂರ್ ತಿಂಗಳ ಬಸಿರು ಇಳೀತು ಅಂತ ಕೇಳ್ದಾಗ, ನನ್ ಕೈಯೇ ಇದು ಮಾಡಿದ್ದು ಅಂತ ಕತ್ರಿ ಬಿಸಾಕ್ಬುಟ್ಟೆ. ವಾರ ತುಂಬ್ಲಿಲ್ಲ, ನಿನ್ ಕಾಗ್ದ ಬಂತು, ಸಹನಂಗೆ ಗಂಡು ಗೊತ್ತಾಯ್ತು ಅತ್ಗೆ ಅಂತ. ಮಂಚದ ಕೆಳಗಿಂದ ಕತ್ರಿ ಹುಡ್ಕಿ ಎತ್ಕೊಂಡೆ. ಖುಷಿ ಆಯ್ತು ಕಣೆ ನಂಗೆ. ಅದೇ ನಾಚ್ಕೆ.

ನಿಮ್ಮಣ್ಣಂಗೆ ಒಂದ್ ತಿಥಿ ಇಲ್ಲ, ಒಂದ್ ಎಡೆ ಇಲ್ಲ. ನಾನು ಅಳ್ನಿಲ್ಲ, ನಿನ್ನೂ ಅಳಕ್ ಬುಡ್ನಿಲ್ಲ. ಬಯ್ಯಿ. ಎದ್ದು ಎಲ್ಡು ಬಾರ್ಸು. ಈ ಬಾಸಿಂಗ ಒಯ್‌ಬ್ಯಾಡ, ಕೆ.ಆರ್.ಪೇಟೇಲಿ ಅಂಗಡೀದು ತಗೊ. ನಿನ್ ಮಗಳು ಚೆನ್ನಾಗಿರ್ಲಿ.

ಚೀಲದಲ್ಲಿ ಏನ್ ಹುಡುಕ್ತೀಯ?

ಕುಂಕುಮ... ಬ್ಯಾಡ ಕಣಮ್ಮಿ. ಗೊತ್ತಿದ್ದೂ ಗೊತ್ತಿದ್ದೂ ನನ್ ಹಣೆಗೆ ಇಡ್ತೀಯಾ? ಕೈ ತಗಿ, ಮಂಗ್ಳ.

ಓ. ಈಗ ಅರ್ಥ ಆಯ್ತು. ಇವತ್ತು ಸುದ್ದಿ ಎದ್ರೆ ಗಂಡಿನ ಕಡ್ಯೋರು ಅಪಶಕುನ ಅಂತ ಇಂದಕ್ ಸರೀತಾರೆ. ಅದ್ಕೇ ನೀನೂ ಯಾರಿಗೂ ಬಾಯ್ ಬುಡ್ನಿಲ್ಲ. ಬಾಸಿಂಗ ತಗೊಂಡೋಗಕ್ಕೆ ಬರ್ಲಿಲ್ಲ ನೀನು, ನನ್ನ ಇಂಗೇ ಇರಿಸಕ್ಕೆ ಬಂದೆ. ನಾನು ಹೂವ ಮುಡ್ಕೊಂಡು ಮಂಟಪದಲ್ಲಿ ನಿಂತ್ಕೊಂಡು, ಅವ್ರು ಬೊಂಬಾಯಿ ಲೈನಲ್ಲಿ ಅವ್ರೆ ಅಂತ ಕೇಳಿದೋರ್ಗೆಲ್ಲ ಏಳ್ಬೇಕು. ನೀನು ಪಕ್ಕದಲ್ಲಿ ನಗ್ತಾ ಊಂ ಅನ್ಬೇಕು. ಅಲ್ವಾ?

ಕೈ ಮಾತ್ರ ಇಂದಕ್ ತಗೀಲಿಲ್ಲ ನೀನು.

ಇಡು ಅಂಗಾರೆ. ಉಡ್ಗಿ ಮದ್ವೆ ಆಗ್ಲಿ. ವಸಿ ಕಮ್ಮಿ ತಗೊ, ಮೂಗಿನ ಮ್ಯಾಲೆ ಉದುರ್ತಾ ಅದೆ... ಒಂದ್ ಮಾತು ಮಾತ್ರ ನಡೆಸ್ಕೊಡು. ಮದ್ವೆ ಮುಗುದ್ ಮಾರ್ನೇ ದಿನ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಾ, ಒಬ್ಳೇ ಬಾ. ನಿಮ್ಮಣ್ಣ ಸತ್ತೋದ್ರು ಅಂತ ನಿಂಗೆ ನಾನು ಹೊಸದಾಗಿ ಏಳ್ತೀನಿ. ನೀನೂ ಆಗ್ಲೇ ಕೇಳ್ದಂಗೆ ಅಳು. ಬೀದಿಗೆಲ್ಲ ಕೇಳ್ಲಿ.