ಯಾರ ಬಾಯಿಂದ ಬಂತು

ಮೂಳೆ ಡಾಕ್ಟರ ಕೋಣೆಯ ಹೊರಗೆ ಸರದಿಗಾಗಿ ಕೂತಿದ್ದ ದರ್ಜಿ ಹೆಂಗಸಿಗೆ ಕದ್ದು ಕೇಳುವ ಮನಸ್ಸೇನೂ ಇರಲಿಲ್ಲ. ಆದರೆ ಊರುಗೋಲು ಹಿಡಿದ ಮುದುಕರೊಬ್ಬರೂ ಟೀಚರಾಗಿದ್ದ ಅವರ ಮಗಳೂ ಕೂತಿದ್ದು ಅವಳ ಪಕ್ಕದಲ್ಲೇ.

“ಕ್ಲಾಸಿನ ತಗಡಿನ ಕೆಳಗೆ ಮಕ್ಕಳು ತಲೆಸುತ್ತಿ ಬೀಳ್ತಿದಾರೆ ಅಪ್ಪ. ಭೂಮಿ ಬಿಸಿಯಾಗ್ತಿದೆ ಅಂತ ನಾಳೆ ಗ್ರಾಮಸಭೇಲಿ ಹೇಳೇ ಹೇಳ್ತೀನಿ.”

“ತಗಡು ಬದಲಾಯಿಸಿ ಅಂತ ಕೇಳು, ನಾನೇ ಮೊದಲು ಕೈ ಎತ್ತುತೀನಿ. ಭೂಮಿ ಸುದ್ದಿ ಯಾಕೆ? ಅದು ಆ ಪಕ್ಷದವರು ಕಟ್ಟಿದ ಕತೆ.”

“ನಿಮ್ಮ ಪಕ್ಷದವರೇ ಹೇಳಿದ್ರೆ?”

“ಅವರು ಹೇಳಲ್ಲ.”

“ಹೇಳಿದ್ರೆ ಅಂತ ಕೇಳ್ದೆ.”

ಮುದುಕರು ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. ದರ್ಜಿಯ ಕಿವಿ ಅತ್ತಲೇ ಇತ್ತು.

“ಆಗ ಯೋಚನೆ ಮಾಡ್ತಿದ್ದೆ.”

“ಹಾಗಾದ್ರೆ ನಮ್ಮ ಜಗಳ ಬಿಸಿಲಿನದ್ದಲ್ಲ ಬಿಡು. ಮಾತು ಯಾರ ಬಾಯಿಂದ ಬಂತು ಅನ್ನೋದರದ್ದು.”

“ಏನಾದರೂ ಅಂದ್ಕೊ. ನಾನೂ ಎದ್ದು ನಿನ್ನ ವಿರುದ್ಧವೇ ಮಾತಾಡ್ತೀನಿ.”

“ಮಾತಾಡು. ನಾನಂತೂ ಬಾಯಿ ಮುಚ್ಕೊಂಡು ಕೂರಲ್ಲ.”

ಅಷ್ಟರಲ್ಲಿ ನರ್ಸ್ ಕರೆದಳು. ಮಗಳು ತೋಳು ಕೊಟ್ಟಳು; ಮುದುಕರು ಅದನ್ನು ಗಟ್ಟಿಯಾಗಿ ಹಿಡಿದು ಎದ್ದರು.

“ಮೈಕಿನ ಹತ್ತಿರಕ್ಕೆ ಹೋಗಿ ಮಾತಾಡು,” ಎನ್ನುತ್ತಿದ್ದರು ಬಾಗಿಲು ದಾಟುವಾಗ. “ಕಳೆದ ಸಲ ಹಿಂದಿನ ಸಾಲಿಗೆ ಒಂದಕ್ಷರವೂ ಕೇಳಿಸಲಿಲ್ಲ.”