ಬಿಲ್ಲೆಯ ಅಂಚಿನ ಹೆಸರು

ಮೊರಬದಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಬಸ್ಸು ನಿಲ್ಲುತ್ತದೆ, ಆಮೇಲೆ ಕರೆಂಟು ಹೋಗುತ್ತದೆ, ಕರೆಂಟು ಹೋದ ಮೇಲೆ ಮಂದಿ ಜಹೀರುದ್ದೀನನ ಹಿಟ್ಟಿನ ಗಿರಣಿಯಲ್ಲಿ ಸೇರುತ್ತಾರೆ. ಆ ಸಂಜೆಯೂ ಹಾಗೇ ಆಯಿತು. ಜೋಳದ ಡಬ್ಬಿಗಳು ಪಾಳಿ ಹಿಡಿದು ನಿಂತಿದ್ದವು, ಅವುಗಳ ಒಡೆಯರು ಚೀಲಗಳ ಮೇಲೆ ಕುಳಿತಿದ್ದರು. ಹೊರಗೆ ಎರೆಮಣ್ಣಿನ ರಸ್ತೆ ನೆನೆದು, ಹಾಯ್ದವರ ಚಪ್ಪಲಿಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಬಾಗಿಲ ಬಳಿ, ಬಂದವರು ಕೂರಲೆಂದು, ಸವೆದ ಹಳೆಯ ಗಿರಣಿ ಕಲ್ಲೊಂದನ್ನು ಮಲಗಿಸಿದ್ದರು. ಅದೊಂದು ಖಾಲಿ ಇತ್ತು. ಅದರ ಪಕ್ಕದಲ್ಲಿ ಸುಭಾಸ ನಿಂತಿದ್ದ. ಬಾಗಿಲು ಪಡುವಣಕ್ಕಿತ್ತು, ಇರಚಲು ಮುಖಕ್ಕೇ ಹೊಡೆಯುತ್ತಿದ್ದರೂ ಅವನು ಆ ಕಡೆಗೇ ಮುಖ ಮಾಡಿ ನಿಂತಿದ್ದ.

"ಕುಂದರ್ರೀ ಸರ. ಕಲ್ಲೇನ ಕಚ್ಚಂಗಿಲ್ಲ" ಎಂದ ಜಹೀರುದ್ದೀನ.

"ಇರ್ಲಿ ಬಿಡ್ರಿ. ಬಸ್ಸಿನ್ಯಾಗ ಕುಂತು ಕುಂತು ಸೊಂಟ ಹಿಡದೈತಿ."

"ಬಸ್ಸಿನ್ಯಾಗ ಬಂದದ್ದು ಮುಂಜಾನಿ. ಇನ್ನೂ ಬಿಟ್ಟು ಹೋಗಿಲ್ಲಂದ್ರ ಅದು ಸೊಂಟನೋವಲ್ರಿ, ಬೀಗರು."

ಮಂದಿ ನಕ್ಕರು. ಸುಭಾಸನೂ ನಕ್ಕ, ಆದರೆ ಕೂರಲಿಲ್ಲ.

ಅವನು ಅಣ್ಣಿಗೇರಿಯ ಹತ್ತಿ ಮಿಲ್ಲೊಂದರಲ್ಲಿ ತೂಕದ ಕಾಟಾ ನೋಡಿಕೊಳ್ಳುವ ಮನುಷ್ಯ. ಹಗಲು ಕೆಲಸ ಮಾಡಿ, ಸಂಜೆ ಕ್ಲಾಸಿನಲ್ಲಿ ಓದಿ ಪಾಸಾದವನು. ಹಳೆಯ ಲಡಾಯಿಗಳ ಪದಕದ ಬಿಲ್ಲೆ, ಪಟ್ಟಿ, ಟೊಪ್ಪಿಗೆಯ ಬ್ಯಾಜುಗಳನ್ನು ಕೂಡಿಸುವುದು, ಖರೆ ಯಾವುದು ಖೊಟ್ಟಿ ಯಾವುದು ಎಂದು ನೋಡಿ ಹೇಳುವುದು ಅವನ ಹುಚ್ಚು. ಕುಂದಗೋಳದಿಂದ ಕಲಘಟಗಿಯವರೆಗೆ ಯಾರ ಮನೆಯ ಟ್ರಂಕಿನಲ್ಲಿ ಇಂಥದ್ದೇನು ಸಿಕ್ಕರೂ ಅವನಿಗೆ ಫೋನು ಬರುತ್ತಿತ್ತು. ಆದರೆ ಖರೆ ಎಂದು ಹೇಳಿ ಬಂದ ಮೇಲೂ ಅವನಿಗೆ ಸಮಾಧಾನವಿಲ್ಲ. ಬಸ್ಸಿನಲ್ಲಿ ಕೂತು, ತಪ್ಪಿದೆನೋ ಏನೋ ಎಂದು ಕೊರಗಿ, ಮರುದಿನ ತಾನೇ ಫೋನು ಮಾಡಿ ಇನ್ನೊಮ್ಮೆ ನೋಡುತ್ತೇನೆ ಎನ್ನುವವನು.

ಈ ಸಲ ಕರೆಸಿದವನು ಮೊರಬದ ಅಮೋಘಸಿದ್ದಪ್ಪ. ಹೊಲ ಇತ್ತು, ಕುರಿ ಇದ್ದವು. ಊರಿನಿಂದ ಲಡಾಯಿಗೆ ಹೋಗಿ ಸತ್ತವರ ಹೆಸರು ಕೆತ್ತಿಸಿ ಶಾಲೆಯ ಅಂಗಳದಲ್ಲಿ ಊರವರು ಒಂದು ಕಲ್ಲು ನಿಲ್ಲಿಸುವವರಿದ್ದರು. ತನ್ನ ಅಜ್ಜನ ದೊಡ್ಡಪ್ಪ ಮೊದಲ ಮಹಾಯುದ್ಧದಲ್ಲಿ, ಬಸ್ರಾದ ಲಡಾಯಿಯಲ್ಲಿ ಸತ್ತವನು, ಅವನ ಹೆಸರೂ ಬೇಕು ಎಂದು ಅಮೋಘಸಿದ್ದಪ್ಪ ಕೇಳಿದಾಗ ಕೆಲವರು ನಕ್ಕಿದ್ದರು. ಕುರಿ ಕಾಯುವ ಮನೆಗೆ ಯಾವ ಲಡಾಯಿ, ಬಿಲ್ಲೆ ಮೋಡಕಾ ಮಾರುವ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದಿರಬೇಕು ಎಂದಿದ್ದರು. ಕೆತ್ತುವವನು ನಾಳೆ ಬರುವವನಿದ್ದ. ಅಷ್ಟರಲ್ಲಿ ಸುಭಾಸ ಹೌದೋ ಅಲ್ಲವೋ ಹೇಳಬೇಕಿತ್ತು.

ಅಂದು ಮುಂಜಾನೆ ಬಿಲ್ಲೆಯನ್ನು ಅಮೋಘಸಿದ್ದಪ್ಪ ದೇವರ ಜಗಲಿಯಿಂದ ಎತ್ತಿ ತಂದು ಕೊಟ್ಟಿದ್ದ. ಸತ್ತ ಹಿರಿಯರ ಹೆಸರಿನಲ್ಲಿ ಪೂಜಿಸುವ ಬೆಳ್ಳಿಯ ಟಾಕಗಳ ನಡುವೆ ಅದೂ ಒಂದು ಟಾಕವಾಗಿ, ವರ್ಷಾನುಗಟ್ಟಲೆ ಅರಿಸಿಣ ಎಣ್ಣೆ ಹಚ್ಚಿಸಿಕೊಂಡು ಕೂತಿತ್ತು. ಸುಭಾಸ ಆ ಕೊಳೆಯನ್ನು ತೊಳೆಯಲಿಲ್ಲ. ತೊಳೆದರೆ ಸಾಕ್ಷಿಯೇ ಹೋಗುತ್ತದೆ. ತೂಕ ನೋಡಿದ, ಸರಿ ಇತ್ತು. ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಕುದುರೆ ಸವಾರ. ಗೆರೆಗಳು ಗಟ್ಟಿಯಾಗಿದ್ದವು, ಎರಕ ಹೊಯ್ದ ಖೊಟ್ಟಿ ಮಾಲಿನಂತೆ ಮೆತ್ತಗಿರಲಿಲ್ಲ. ಬಿಲ್ಲೆ ಖರೆ.

ಆದರೆ ಅಂಚು ಬೋಳಾಗಿತ್ತು. ಇಂಥ ಬಿಲ್ಲೆಯ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಒತ್ತಿರುತ್ತಾರೆ. ಇಲ್ಲಿ ಯಾರೋ ಅದನ್ನು ತಿಕ್ಕಿ ತೆಗೆದಿದ್ದರು. ಹೆಸರು ತಿಕ್ಕಿದ ಬಿಲ್ಲೆ ಎಂದರೆ ಈ ಕಸುಬಿನಲ್ಲಿ ಅರ್ಥ ಒಂದೇ: ಕದ್ದವರು, ಇಲ್ಲವೆ ಕದ್ದದ್ದನ್ನು ಮಾರಿದವರು, ಯಾರದೆಂದು ತಿಳಿಯದಿರಲೆಂದು ಮಾಡಿದ ಕೆಲಸ. ಸುಭಾಸ ಬ್ಯಾಟರಿಯ ಬೆಳಕನ್ನು ಅಡ್ಡಡ್ಡ ಬಿಟ್ಟು ಭೂತಗನ್ನಡಿ ಹಿಡಿದ. ಒತ್ತಿದ ಅಕ್ಷರ ತಿಕ್ಕಿದರೂ ಪೂರ್ತಿ ಸಾಯುವುದಿಲ್ಲ, ಅದರ ನೆರಳು ಲೋಹದೊಳಗೆ ಇರುತ್ತದೆ. ಬರೀ ಕಣ್ಣಲ್ಲಿ ಓದಿದರೆ ತನಗೆ ಬೇಕಾದ ಅಕ್ಷರವನ್ನೇ ಕಣ್ಣು ಕಾಣಿಸುತ್ತದೆಂದು ಹೆದರಿ, ಅವನು ಯಾವಾಗಲೂ ಬಾಯಿಬಿಟ್ಟು ಓದುತ್ತಿದ್ದ. ಅಂದೂ ಓದಿದ. ಮೊದಲು ಬಿಡಿ ಬಿಡಿ ಅಕ್ಷರ, ಆಮೇಲೆ ಒಂದೇ ಉಸಿರಿಗೆ ನಂಬರು, ಹೆಸರು, ಪಲ್ಟನ್ನು, ಪಡಸಾಲೆಯೆಲ್ಲ ಕೇಳುವಂತೆ.

ಹೆಸರು ಅಮೋಘಸಿದ್ದಪ್ಪ ಹೇಳಿದ ಹೆಸರಿಗೆ ತಾಳೆಯಾಯಿತು. ಆದರೂ ಯಾರು ತಿಕ್ಕಿದರು, ಯಾಕೆ ತಿಕ್ಕಿದರು ಎಂದು ಗೊತ್ತಾಗದೆ ಇದು ಈ ಮನೆಯದೇ ಎಂದು ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಅಮೋಘಸಿದ್ದಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವನ ಅಜ್ಜಿ ಹನಮವ್ವ. ಅವಳು ಆಗ ಮೊಮ್ಮಗಳ ಬಾಣಂತನ ನೋಡಲು ಹೋಗಿದ್ದಳು. ಮಧ್ಯಾಹ್ನ ಬಂದವಳು ಜಗಲಿಯ ಮೇಲಿನ ಖಾಲಿ ಜಾಗ ನೋಡಿದಳು, ಒಳಗೆ ಹೋಗಿ ಏನನ್ನೋ ನೋಡಿದಳು, ಹೊರಗೆ ಬಂದು ಸುಭಾಸನ ಕೈಯಿಂದ ಬಿಲ್ಲೆ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಹೆಸರು ತಿಕ್ಕಿದವರು ಯಾರೆಂದು ಅಮೋಘಸಿದ್ದಪ್ಪ ಕೇಳಿದರೆ, ಊಟಕ್ಕೆ ಏಳಿ ಎಂದಳು. ಊಟಕ್ಕೆ ಚಾಪೆ ಹಾಸಿದರೂ ಸುಭಾಸ ಗೋಡೆಗೆ ಒರಗಿ ನಿಂತೇ ರೊಟ್ಟಿ ತಿಂದ. ಹನಮವ್ವ ಅದನ್ನೂ ನೋಡಿದಳು.

ಈಗ ಅವಳು ಗಿರಣಿಯಲ್ಲಿ ಜೋಳದ ಡಬ್ಬಿಗೆ ಒರಗಿ ಕೂತಿದ್ದಳು. ಅಮೋಘಸಿದ್ದಪ್ಪ ಮತ್ತೆ ಕೇಳಿದ. "ಆಯಿ, ಸರ ಹೋಗೂದ್ರಾಗ ಹೇಳಿಬಿಡಬೇ. ಆ ಹೆಸರು ತಿಕ್ಕಿದವರು ಯಾರು?"

"ಹೇಳ್ರೀ ಆಯಿ" ಎಂದಳು ಶಾಲೆಯ ಟೀಚರು ಸುವರ್ಣಾ. ಅವಳ ಗೋಧಿಯ ಡಬ್ಬಿಯೂ ಪಾಳಿಯಲ್ಲಿತ್ತು. "ದಿನಾ ಪ್ರಾರ್ಥನಿ ಆದ ಮ್ಯಾಲ ಕಲ್ಲಿನ ಮ್ಯಾಗಿನ ಹೆಸರೆಲ್ಲಾ ಹುಡುಗರ ಕಡೆ ಓದಸಬೇಕಂತ ಮಾಡೀವ್ರಿ."

ಹನಮವ್ವ ಅವಳ ಕಡೆ ತಿರುಗಿದಳು. ಆಮೇಲೆ ಹೇಳತೊಡಗಿದಳು.

"ಓದಸ್ತೀಯವ್ವಾ? ಹಂಗಾರ ಕೇಳು. ನೀವೂ ಕೇಳ್ರಿ. ಹೆಸರು ಮಾತ್ರ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ನಮ್ಮ ಮನ್ಯಾಗ ಸತ್ತ ಹಿರ್ಯಾರ ಹೆಸರೆಲ್ಲಾ ಮೊಮ್ಮಕ್ಕಳಿಗೆ ತಿರುಗಿ ಬಂದಾವ, ಇಂವ ಅಮೋಗಿ ಇದ್ದಾನಲ್ಲ, ಇವನ ಹೆಸರೂ ಇವನ ಮುತ್ಯಾನ್ದ... ಅದೊಂದ ಹೆಸರು ಯಾವ ಕೂಸಿಗೂ ಇಟ್ಟಿಲ್ಲ. ಯಾಕ ಇಟ್ಟಿಲ್ಲ? ನಮ್ಮತ್ತಿ ನನಗ ಹೇಳಿದ್ದನ್ನ ಹೇಳ್ತೀನಿ. ಅಕಿ ಆವಾಗ ಸಣ್ಣಾಕಿ, ಲಗ್ನ ಆಗಿ ಹೊಸದಾಗಿ ಈ ಮನಿಗೆ ಬಂದಿದ್ಲು, ಕಣ್ಣಾರೆ ಕಂಡಾಕಿ.

"ಅಂವ ನಮ್ಮ ಮಾವನ ಅಣ್ಣ. ಕುರಿ ಬಿಟ್ಟು ಪಲ್ಟನ್ ಸೇರಿದ, ಬಸ್ರಾಕ್ಕ ಹೋದ. ಬಸ್ರಾ ಎಲ್ಲೈತಿ? ನಮ್ಮತ್ತಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ, ಪಡವಲಕ್ಕ ಐತಿ ಅಂತಿದ್ರು, ಅಷ್ಟ. ಅಲ್ಲಿ ಅಂವನ್ನ ಪಹರೆಕ್ಕ ನಿಂದ್ರಿಸಿದ್ರು, ಬದಲಿ ಬರೂತನಾ ಅಲ್ಲಾಡಬ್ಯಾಡ ಅಂದ್ರು. ಬದಲಿ ಬರೂದ್ರಾಗ ಗುಂಡು ಬಂತೋ, ಬ್ಯಾನಿ ಬಂತೋ... ಹೆಣ ಬರಲಿಲ್ಲ, ಮಣ್ಣು ಕೊಟ್ಟವರಿಲ್ಲ. ನೀ ಸತ್ತೀಯೋ ಅಂತ ಅಂವಗ ಹೇಳಾಕರೆ ಯಾರಿದ್ರು ಅಲ್ಲೆ? ನಿಂತ ಬಿಟ್ಟ."

"ಏ ಆಯಿ, ಬಸ್ರಾದಾಗ ನಿಂತಾಂವ ಮೊರಬದಾಗ ಹ್ಯಾಂಗ ಕಂಡಾ?" ಎಂದ ಜಹೀರುದ್ದೀನ.

"ಅದನ್ನ ಹೇಳಾಕತ್ತೀನಿ, ಬಾಯಿ ಮುಚ್ಚು. ಗಿರಣಿ ಸಪ್ಪಳ ನಿಂತ್ರ ನಿಂದ ಶುರು... ಲಡಾಯಿ ಮುಗದು ಎಷ್ಟೋ ದಿನಕ್ಕ ಟಪಾಲಿನಾಗ ಈ ಬಿಲ್ಲಿ ಬಂತು. ಮಳಿಗಾಲದ ಮೊದಲು. ಮನ್ಯಾಗ ಓದಾಕ ಬರೂದು ಯಾರಿಗೆ? ಸಾಲಿ ಮಾಸ್ತರನ ಕರದ್ರು. ಒಳ್ಳೆ ಮನಶ್ಯಾ, ಪರಊರಾಂವ, ಹೆಂಡತಿ ಎರಡು ಹುಡುಗರ ಕಟಗೊಂಡು ಬಂದಾಂವ. ಸತ್ತಾಂವನ ತಾಯಿಗೆ ಕಿವಿ ಮಂದ ಇದ್ವು, ಅಕಿಗೆ ಕೇಳಸ್ಲಿ ಅಂತ ಅಂವ ಅಂಚು ತಿರಿವ್ಯಾಡಿ, ಸಾಲ್ಯಾಗ ಹಾಜರಿ ಕೂಗಿದಂಗ ಕೂಗಿ ಓದಿದಾ. ನಂಬರ ಓದಿದಾ, ಹೆಸರ ಓದಿದಾ, ಪಲ್ಟನ್ ಓದಿದಾ... ಪಲ್ಟನ್ನಿನಾಂವಗ ಹಾಜರಿ ಕೂಗಿದ್ರ ಏನರ್ಥ? ಬದಲಿ ಬಂದೈತಿ, ನೀ ಇನ್ನ ಬಾ ಅಂತ ಅರ್ಥ.

"ಅವತ್ತಿಂದ ಮಾಸ್ತರ ಕುಂದರ್ಲಿಲ್ಲ. ಮೊದಲೊಂದೆರಡ ದಿನ ಮಂದಿ ನಕ್ರು. ಸಾಲ್ಯಾಗ ನಿಂತ ಕಲಿಸಿದಾ, ನಿಂತ ಉಂಡಾ. ಯಾಕ್ರೀ ಮಾಸ್ತರ ಅಂದ್ರ, ಏನಿಲ್ಲೋ ಸೊಂಟ ಹಿಡದೈತಿ ಅಂದಾ..."

ಯಾರೋ ನಕ್ಕರು, ನಕ್ಕವರು ಅರ್ಧಕ್ಕೇ ನಿಲ್ಲಿಸಿದರು. ಸುಭಾಸ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದ. ದಣಿವೇನೂ ಇರಲಿಲ್ಲ. ಅದೇ ಅವನಿಗೆ ಸರಿ ಕಾಣಲಿಲ್ಲ.

"ಆಮ್ಯಾಲ ಅಂವ ಕೆರಿ ಏರಿ ಮ್ಯಾಲ ಹೋಗಿ ನಿಂತಾ. ಪಡವಲಕ್ಕ ಮುಖ ಮಾಡಿ, ಹೆಗಲ ಮ್ಯಾಲ ಒಂದು ಬಡಿಗಿ ಇಟಗೊಂಡು. ಮಳಿ ಹತ್ತಿತು. ಎರಿ ಮಣ್ಣು ಮೊಳಕಾಲ ತನಕ ಹಿಡಕೊಂತು. ಜಗ್ಗಿದ್ರ ಬರವಲ್ಲ, ಬೈದ್ರ ಕೇಳವಲ್ಲ. ಬದಲಿ ಬಂದಿಲ್ಲ ಅಂತಿದ್ನಂತ, ಅದೂ ಪಲ್ಟನ್ನಿನ ಹಿಂದೂಸ್ತಾನಿ ಮಾತಿನ್ಯಾಗ. ನವಲಗುಂದ ದಾಟಿ ಆಚಿಕ ಹೋಗದ ಮಾಸ್ತರಗ ಆ ಮಾತು ಕಲಿಸಿದವರು ಯಾರು?

"ಇತ್ತ ನಮ್ಮ ಮನ್ಯಾಗ... ಅಂವ ಹೋಗುಮುಂದ ಮಲಗಿದ್ದ ಹೊರಸು ಒಳಕೋಣ್ಯಾಗ ಹಂಗ ಇತ್ತು, ಅದರ ಮ್ಯಾಲ ಯಾರೂ ಮಲಗತಿರಲಿಲ್ಲ. ಮಾಸ್ತರ ಓದಿದ ದಿನಾನ ಅದರ ಹುರಿ ಜಗ್ಗಿತು. ಭಾರ ಬಿದ್ದಂಗ, ನಟ್ಟನಡುವ. ನಮ್ಮತ್ತಿ ಕೈಯಿಟ್ಟು ನೋಡಿದ್ಲು, ಏನೂ ಹತ್ತಲಿಲ್ಲ, ಬೆಚ್ಚಗ ಇತ್ತಂತ. ತಾಯಿ ನೋಡಿದ್ಲು. ಅಕಿಗೆ ತಿಳೀತು. ತನ್ನ ಮಗ ಮನಿಗೆ ಬಂದಾನ, ಮಂದಿ ಮಗ ಅವನ ಬದಲಿಯಾಗಿ ಅಲ್ಲಿ ನಿಂತಾನ. ಏನ ಮಾಡಬೇಕ್ರಿ ಅಕಿ? ನೀವಾಗಿದ್ರ ಏನ ಮಾಡತಿದ್ರಿ? ದಣದು ಬಂದಾನ, ಒಂದ ರಾತ್ರಿ ಮಲಗ್ಲಿ ಅಂದ್ಲು. ಮುಂಜಾನಿ ನೋಡೂಣು ಅಂದ್ಲು. ಮರದಿನಾನೂ ಅದನ್ನ ಅಂದ್ಲು. ಒಂದ ರಾತ್ರಿ, ಒಂದ ರಾತ್ರಿ ಅಂತ... ಮಳಿಗಾಲ ಪೂರಾ ಮಲಗಿಸಿದ್ಲು.

"ಕಡೀಕೆ ಮಾಸ್ತರನ ಹೆಂಡತಿ ಎರಡೂ ಹುಡುಗರನ ಕರಕೊಂಡು ಬಂದು ನಮ್ಮ ಕಟ್ಟಿ ಮ್ಯಾಲ ಕುಂತ್ಲು. ಬೈಲಿಲ್ಲ, ಅಳಲಿಲ್ಲ, ಸುಮ್ಕ ಕುಂತ್ಲು. ಬೆಳತನಕ ಕುಂತ್ಲು. ಆವಾಗ ತಾಯಿ ಎದ್ದು, ಹೊರಸಿನ ಬಾಜು ಹೋಗಿ, ಮಗನ ಜೋಡಿ ಏನೋ ಮಾತಾಡಿ, ಬಿಲ್ಲಿ ತಗೊಂಡು ಕೆರಿಗೆ ಹೋದ್ಲು. ಅರಿವಿ ಒಗಿಯೂ ಕಲ್ಲಿನ ಮ್ಯಾಲ ಕುಂತು ಆ ಅಂಚು ತಿಕ್ಕಿದ್ಲು. ತಿಕ್ಕತಾ ತಿಕ್ಕತಾ ಬೆರಳಿನ ತುದಿ ಸವದು ರಕ್ತ ಬಂದ್ರೂ ತಿಕ್ಕಿದ್ಲು. ಎಲ್ಲಾ ಅಕ್ಷರ ಬೋಳ ಆದ ಮ್ಯಾಲ ಏರಿ ಮ್ಯಾಲ ನೋಡ್ತಾಳ... ಮಾಸ್ತರ ಕುಂತಿದ್ದ. ಕೆಸರಿನಾಗ ಕುಂತು ಸಣ್ಣ ಹುಡುಗನಂಗ ಅಳಾಕತ್ತಿದ್ದ.

"ಮನಿಗೆ ಬಂದ್ರ ಹೊರಸಿನ ಹುರಿ ನೆಟ್ಟಗಾಗಿತ್ತು. ಹಡದಾಕಿನ ತನ್ನ ಮಗನ್ನ ತಿರುಗಿ ಪಹರೆಕ್ಕ ಕಳಿಸಿದ್ಲು. ಅದ ತಮ್ಮಾ ಅಮೋಗಿ, ಅದನ್ನ ತಿಕ್ಕಿದವರು ಅಕಿ."

ಸುಭಾಸ ತನ್ನ ಮನಸ್ಸಿನಲ್ಲಿ ಅಂಚನ್ನು ಮತ್ತೊಮ್ಮೆ ನೋಡಿದ. ಕಬ್ಬಿಣದ ಅರ ಹಾಕಿ ಉಜ್ಜಿದ್ದರೆ ಗೀರುಗಳು ಒಂದೇ ಸಮ ಇರುತ್ತಿದ್ದವು. ಇಲ್ಲಿದ್ದದ್ದು ಕಲ್ಲಿನ ಗೀರು, ಅಗಲವಾದದ್ದು, ಅಡ್ಡಾದಿಡ್ಡಿ. ಕದ್ದವನ ಕೈ ಇಷ್ಟು ನಡುಗುವುದಿಲ್ಲ.

"ಬಿಲ್ಲಿ ನಿಮ್ಮ ಮನೀದ ಐತ್ರಿ" ಎಂದ ಅವನು ಅಮೋಘಸಿದ್ದಪ್ಪನಿಗೆ. "ಅದರಾಗ ನನಗ ಈಗ ಸಂಶೆ ಇಲ್ಲ."

ಅಮೋಘಸಿದ್ದಪ್ಪ ಅದಕ್ಕೆ ಖುಷಿಪಡಲಿಲ್ಲ. ಅವನು ಸುಭಾಸನ ಕಾಲುಗಳನ್ನು ನೋಡುತ್ತಿದ್ದ. ಸುವರ್ಣಾ ಟೀಚರೂ ಅಲ್ಲಿಯೇ ನೋಡುತ್ತಿದ್ದಳು.

"ಸರ" ಎಂದಳು ಹನಮವ್ವ, "ಮುಂಜಾನಿ ಕಣ್ಣಲೆ ಓದಿದ್ರೋ, ಬಾಯಲೆ ಓದಿದ್ರೋ?"

"ಬಾಯಲೆರೀ" ಎಂದ ಸುಭಾಸ.

"ಇರ್ಲಿ. ಕುಂದರ್ರಿ ನೋಡೂಣು. ಆ ಕಲ್ಲಿನ ಮ್ಯಾಲ ಕುಂತು, ಆಯಿ ನೀ ಹೇಳಿದ್ದು ಸುಳ್ಳು ಅಂತ ಹೇಳಿಬಿಡ್ರಿ. ನನಗೂ ಸಮಾಧಾನ."

ಗಿರಣಿ ಕಲ್ಲು ಅವನ ಮೊಳಕಾಲಿಗೆ ತಾಗಿಕೊಂಡೇ ಇತ್ತು. ಕೂರಬೇಕೆಂದು ಸುಭಾಸ ಅಂದುಕೊಂಡ. ಜಹೀರುದ್ದೀನ ಬಂದು ಅವನ ಎರಡೂ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ, ಆಮೇಲೆ ಜೋರಾಗಿ ಒತ್ತಿದ. ಆಮೇಲೆ ಕೈ ತೆಗೆದು, ಆ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಹಿಂದೆ ಸರಿದ.

"ಆಯಿ, ಬಿಲ್ಲಿ ಕೊಡು" ಎಂದ ಅಮೋಘಸಿದ್ದಪ್ಪ. ಅವನ ದನಿ ಸಣ್ಣದಾಗಿತ್ತು. "ಇಲ್ಲೇ ಕಲ್ಲೈತಿ. ಉಳದದ್ದು ತಿಕ್ಕಿಬಿಡೂಣು."

"ತಿಕ್ಕೂಣಂತ" ಎಂದಳು ಹನಮವ್ವ.

ಕರೆಂಟು ಬಂತು. ದೀಪ ಹತ್ತಿತು. ಜಹೀರುದ್ದೀನ ಮೋಟಾರಿನ ಕಡೆ ಹೋಗಲಿಲ್ಲ. ಹನಮವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನೆಲಕ್ಕೆ ಊರಿ ಎದ್ದಳು. ಬಾಗಿಲಿಗೆ ಬಂದು ಸುಭಾಸನ ಮುಖವನ್ನು ಬೆಳಕಿನಲ್ಲಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಮಧ್ಯಾಹ್ನ ಬಂದು ನೋಡಿದ್ನಿ, ಅದ ಹೊರಸಿನ ಹುರಿ ಜಗ್ಗೇತಿ" ಎಂದಳು. "ಕೈಯಿಟ್ಟು ನೋಡಿದ್ನಿ. ಬೆಚ್ಚಗೈತಿ. ನೂರ ವರ್ಷದ ಮ್ಯಾಲ ಬಂದಾನ, ನಮ್ಮ ಹುಡುಗ. ಪೂರಾ ದಣದಾನ... ನಾಳೆ ಮುಂಜಾನಿ ನಾನ ಕೆರಿಗೆ ಹೋಗಿ ತಿಕ್ಕತೀನಿ. ಒಂದ ರಾತ್ರಿ ಅಲ್ಲಾ, ತಮ್ಮಾ? ಒಂದ ರಾತ್ರಿ ನಿಂದರ್ತೀಯಿಲ್ಲ?"